ಎಲೆ ಬಾಡಿದ ಕೂಡಲೇ ಮೋಟಾರು ಹಾಕಬೇಡಿ: ಬರದಲ್ಲಿ ಬೆಳೆಯ ತೊಂದರೆ ಪತ್ತೆಹಚ್ಚುವ ಕೈಪಿಡಿ

ಮಳೆ ಕೈಕೊಟ್ಟ ವಾರ ಹೊಲಕ್ಕೆ ಹೋದರೆ ಕಣ್ಣಿಗೆ ಮೊದಲು ಬೀಳುವುದು ಜೋತುಬಿದ್ದ ಎಲೆ. ನೋಡಿದ ಕೂಡಲೇ ಕೈ ಸ್ಟಾರ್ಟರ್ ಕಡೆ ಹೋಗುತ್ತದೆ. ಕೆಲವು ಸಲ ಅದು ಸರಿಯಾದ ಕೆಲಸವೇ. ಇನ್ನು ಕೆಲವು ಸಲ ಬೋರ್‌ವೆಲ್‌ನಲ್ಲಿ ಉಳಿದ ಅಷ್ಟಿಷ್ಟು ನೀರನ್ನೂ ಕಳೆದು, ಬೇರು ಕೊಳೆಸಿ, ರೋಗವನ್ನು ಪಕ್ಕದ ಸಾಲಿಗೆ ಹರಿಸಿದಂತಾಗುತ್ತದೆ. ಬಾಡಿದ ಎಲೆ ಹೇಳುವುದು ಒಂದೇ ಮಾತು: ಬರುವ ನೀರಿಗಿಂತ ಹೋಗುವ ನೀರು ಹೆಚ್ಚಾಗಿದೆ. ತಡೆ ಇರುವುದು ಗಾಳಿಯಲ್ಲೋ, ಕಾಂಡದಲ್ಲೋ, ಬೇರಿನಲ್ಲೋ, ಮಣ್ಣಿನಲ್ಲೋ, ಡ್ರಿಪ್ ಪೈಪಿನಲ್ಲೋ ಎಂಬುದನ್ನು ಅದು ಹೇಳುವುದಿಲ್ಲ. ಅದನ್ನು ನಾವೇ ಹುಡುಕಬೇಕು, ಖರ್ಚಿಲ್ಲದ ಕಡೆಯಿಂದ ಶುರುಮಾಡಿ.

ಹುಡುಕುವ ಮೊದಲು ಗಿಡ ತನ್ನ ಪಾಡಿಗೆ ಏನು ಮಾಡುತ್ತಿರುತ್ತದೆ ಎಂಬುದು ಗೊತ್ತಿರಬೇಕು. ಬೇರು ಹೀರಿದ ನೀರಿನಲ್ಲಿ ನೂರಕ್ಕೆ 95ಕ್ಕೂ ಹೆಚ್ಚು ಪಾಲು ಎಲೆಯಿಂದ ಆವಿಯಾಗಿ ಹೋಗುತ್ತದೆ. ಇದೇ ಬಾಷ್ಪವಿಸರ್ಜನೆ. ಇದು ಪೋಲಲ್ಲ. ನೀರನ್ನೂ ಅದರಲ್ಲಿ ಕರಗಿದ ಪೋಷಕಾಂಶವನ್ನೂ ಬೇರಿನಿಂದ ಮೇಲಕ್ಕೆ ಎಳೆಯುವುದು, ಬಿಸಿಲಿನಲ್ಲಿ ಎಲೆಯನ್ನು ತಣ್ಣಗಿಡುವುದು ಈ ಆವಿಯೇ. ಅದು ಹೊರಹೋಗುವ ದಾರಿ ಪತ್ರರಂಧ್ರ. ಗಿಡಕ್ಕೆ ಬೇಕಾದ ಇಂಗಾಲದ ಡೈಆಕ್ಸೈಡ್ ಒಳಬರುವುದೂ ಅದೇ ದಾರಿಯಲ್ಲಿ. ಪ್ರತಿ ರಂಧ್ರದ ಎರಡು ಬದಿಗೆ ಕಾವಲು ಕೋಶಗಳಿವೆ. ಅವುಗಳೊಳಗೆ ಪೊಟ್ಯಾಸಿಯಂ ಸೇರಿ, ಅದರ ಹಿಂದೆ ನೀರು ಬಂದು ಉಬ್ಬಿದಾಗ ರಂಧ್ರ ತೆರೆಯುತ್ತದೆ. ಎರಡೂ ಹೊರಹೋಗಿ ಕೋಶ ಸೊರಗಿದಾಗ ಮುಚ್ಚಿಕೊಳ್ಳುತ್ತದೆ. ಮಣ್ಣು ಒಣಗತೊಡಗಿದರೆ ಗಿಡದಲ್ಲಿ ಅಬ್ಸಿಸಿಕ್ ಆಮ್ಲ ಎಂಬ ಹಾರ್ಮೋನು ಹೆಚ್ಚಾಗಿ, ಮುಚ್ಚು ಎಂಬ ಸಂದೇಶ ಕಾವಲು ಕೋಶಕ್ಕೆ ತಲುಪುತ್ತದೆ. ನೀರು ಉಳಿಯಿತು, ಆದರೆ ಅಡುಗೆಯೂ ನಿಂತಿತು. ಬರದಲ್ಲಿ ಬೆಳೆ ತೋರಿಸುವ ಬಹುತೇಕ ಲಕ್ಷಣಗಳು ಈ ಚೌಕಾಸಿಯ ಗುರುತುಗಳೇ ಹೊರತು ಕಾಯಿಲೆಯಲ್ಲ. ಕಾಯಿಲೆಯೂ ಇದೇ ವೇಷದಲ್ಲಿ ಬರುವುದರಿಂದ ಗೊಂದಲ.

ಮಧ್ಯಾಹ್ನ ಬಾಡುತ್ತದೆ, ಸಂಜೆಗೆ ನೆಟ್ಟಗಾಗುತ್ತದೆ

ಸೂರ್ಯಕಾಂತಿ, ಕುಂಬಳ, ಸೋರೆ, ಬದನೆಯಂಥ ಅಗಲ ಎಲೆಯವುಗಳಲ್ಲಿ ಇದು ಸಾಮಾನ್ಯ. ಏಪ್ರಿಲ್ ತಿಂಗಳ ರಾಯಚೂರಿನ ಒಣ ಗಾಳಿಯಲ್ಲಿ, ಕಾಲಡಿಯ ಮಣ್ಣು ಹಸಿಯಾಗಿದ್ದರೂ, ಬೇರು ಒದಗಿಸುವ ವೇಗಕ್ಕಿಂತ ಗಾಳಿ ಹೀರುವ ವೇಗ ಹೆಚ್ಚು. ಗಿಡ ಎಲೆ ಇಳಿಬಿಟ್ಟು ಬಿಸಿಲಿಗೆ ಮೈ ಕಡಿಮೆ ಒಡ್ಡುತ್ತದೆ, ಬಿಸಿಲು ಇಳಿದ ಮೇಲೆ ಸುಧಾರಿಸಿಕೊಳ್ಳುತ್ತದೆ.

ಆದ್ದರಿಂದ ಮಧ್ಯಾಹ್ನ ಎರಡು ಗಂಟೆಗೆ ನೋಡಿ ತೀರ್ಮಾನಕ್ಕೆ ಬರಬೇಡಿ. ನೋಡಬೇಕಾದ ಹೊತ್ತು ಬೆಳಗಿನ ಆರು ಗಂಟೆ. ರಾತ್ರಿಯಿಡೀ ರಂಧ್ರಗಳು ಮುಚ್ಚಿರುವುದರಿಂದ ಗಿಡದೊಳಗಿನ ನೀರು ಮಣ್ಣಿನ ನೀರಿನೊಂದಿಗೆ ಹೆಚ್ಚುಕಡಿಮೆ ಸಮಕ್ಕೆ ಬಂದಿರುತ್ತದೆ. ಹೊತ್ತು ಮೂಡುವಾಗ ಎಲೆ ಗಟ್ಟಿಯಾಗಿ ನಿಂತಿದ್ದರೆ ಬೇರಿಗೆ ನೀರು ಸಿಗುತ್ತಿದೆ ಎಂದೇ ಅರ್ಥ.

ಇನ್ನೊಂದು ಗುರುತು, ಇದನ್ನು ಯಾರೂ ಬರೆದಿಡುವುದಿಲ್ಲ, ಬರೆದಿಡಬೇಕು: ಬಾಡಲು ಶುರುವಾಗುವ ಗಂಟೆ. ಮೂರಕ್ಕೆ ಬಾಡುತ್ತಿದ್ದ ಗಿಡ ಎರಡು ದಿನ ಬಿಟ್ಟು ಹನ್ನೆರಡಕ್ಕೆ, ಆಮೇಲೆ ಹತ್ತಕ್ಕೇ ಬಾಡಿದರೆ ಮಣ್ಣಿನ ದಾಸ್ತಾನು ಮುಗಿಯುತ್ತ ಬಂದಿದೆ. ಗಂಟೆ ಹಿಂದೆ ಸರಿಯುತ್ತಿಲ್ಲವಾದರೆ ಆ ವಾರ ನೀರು ಉಳಿಸಬಹುದು.

ಬೆಳಗ್ಗೆಯೂ ಎಲೆ ಎದ್ದಿಲ್ಲ

ಈಗ ಕೆಲಸವಿದೆ. ಮೊದಲು ನೋಡಬೇಕಾದ್ದು ಬೆಳೆಯನ್ನಲ್ಲ, ಕಳೆಯನ್ನು. ಅದೇ ಜಾಗದ ಪಾರ್ಥೇನಿಯಂ, ಅಣ್ಣೆ ಸೊಪ್ಪು, ಹೊನಗೊನ್ನೆ ಎಲ್ಲವೂ ತಲೆ ಇಳಿಬಿಟ್ಟಿದ್ದರೆ ನೀರಿನದೇ ಕೊರತೆ. ಕಳೆ ನಳನಳಿಸುತ್ತ ಬೆಳೆ ಮಾತ್ರ ಬಾಡಿದ್ದರೆ ನೀರಿನ ಮಾತು ಬಿಟ್ಟು ನೇರವಾಗಿ ಮುಂದಿನ 'ಮಣ್ಣು ಹಸಿಯಿದೆ, ಆದರೂ ಬಾಡಿದೆ' ಭಾಗಕ್ಕೆ ಹೋಗಿ. ರೋಗ ಒಂದು ಜಾತಿಯನ್ನು ಆರಿಸಿಕೊಳ್ಳುತ್ತದೆ, ಬರ ಆರಿಸುವುದಿಲ್ಲ.

ಎರಡನೆಯದು ಮಣ್ಣು. ಮೇಲ್ಪದರ ಮುಟ್ಟಿ ನೋಡಿದರೆ ಸಾಲದು. ಗುದ್ದಲಿಯಿಂದ ಒಂದು ಗೇಣು, ಆಮೇಲೆ ಒಂದು ಮೊಳ ಆಳಕ್ಕೆ ತೆಗೆದು, ಹಿಡಿ ಮಣ್ಣನ್ನು ಮುದ್ದೆ ಕಟ್ಟುವ ಹಾಗೆ ಅಂಗೈಯಲ್ಲಿ ಒತ್ತಿ. ಕಪ್ಪು ಮಣ್ಣು ಉಂಡೆಯಾಗಿ ನಿಂತು, ಹೆಬ್ಬೆರಳಿನಿಂದ ಒತ್ತಿದರೆ ಪಟ್ಟಿಯಂತೆ ಎಳೆದು ಬಂದರೆ ತೇವ ಸಾಕಷ್ಟಿದೆ. ಉಂಡೆ ಕಟ್ಟಿ ಮುಟ್ಟಿದರೆ ಒಡೆಯುತ್ತಿದ್ದರೆ ನೀರು ಕೊಡುವ ಹೊತ್ತು ಹತ್ತಿರ. ಉಂಡೆಯೇ ಕಟ್ಟದೆ ಹೆಂಟೆ ಹೆಂಟೆಯಾಗಿ ಉದುರಿದರೆ ತಡವಾಗಿದೆ. ಕೆಂಪು ಮರಳು ಮಣ್ಣು ಹದದಲ್ಲೂ ಅಷ್ಟು ಗಟ್ಟಿ ಉಂಡೆ ಕೊಡುವುದಿಲ್ಲ. ಅಲ್ಲಿ ಅಂಗೈಗೆ ತಂಪು ತಾಗಿ ತೇವದ ಗುರುತು ಉಳಿಯುತ್ತದೆಯೇ ನೋಡಿ. ಒಂದು ಎಚ್ಚರಿಕೆ: ಕಪ್ಪು ಮಣ್ಣು ಕೈಗೆ ತೇವವೆನಿಸಿದರೂ ಕೆಲವು ಸಲ ಅದರ ಜೇಡಿ ನೀರನ್ನು ಬಿಗಿಹಿಡಿದಿರುತ್ತದೆ, ಬೇರಿಗೆ ಸಿಕ್ಕುವುದಿಲ್ಲ. ಕೈಗೆ ತಾಗುವ ತೇವ ಮತ್ತು ಬೇರಿಗೆ ದಕ್ಕುವ ತೇವ ಒಂದೇ ಅಲ್ಲ. ಮಣ್ಣು ಸುಮಾರು 15 ಬಾರ್ ಒತ್ತಡದಲ್ಲಿ ನೀರು ಹಿಡಿದುಕೊಂಡ ಹಂತವನ್ನು ಶಾಶ್ವತ ಬಾಡುವಿಕೆಯ ಬಿಂದು ಎಂದು ಲೆಕ್ಕ ಹಿಡಿಯುತ್ತಾರೆ. ಅದನ್ನು ದಾಟಿದ ಮೇಲೆ ರಾತ್ರಿ ಕಳೆದರೂ ಎಲೆ ಏಳುವುದಿಲ್ಲ.

ಕಪ್ಪು ಮಣ್ಣಿನಲ್ಲಿ ಬಿರುಕು ಬಿಟ್ಟಿದ್ದರೆ ನೀರಿಗಿಂತ ಮೊದಲು ಎಡೆಕುಂಟೆ ಹೊಡೆಯಿರಿ. ಬಿರುಕಿನ ಎರಡು ಗೋಡೆಯಿಂದಲೂ ತೇವ ಆರುತ್ತದೆ, ಎಳೆಬೇರು ಹರಿಯುತ್ತದೆ. ಮೇಲಿನ ಎರಡಂಗುಲ ಸಡಿಲ ಮಾಡಿ ಬಿರುಕು ಮುಚ್ಚಿದರೆ ಆ ಸೋರಿಕೆ ನಿಲ್ಲುತ್ತದೆ, ಕಳೆ ಕುಡಿಯುವ ನೀರೂ ಉಳಿಯುತ್ತದೆ. ಆಳಕ್ಕೆ ಹೊಡೆದರೆ ಬೇರು ಕಡಿದು ತೊಂದರೆ ಇಮ್ಮಡಿಯಾಗುತ್ತದೆ.

ಮೂರನೆಯದು, ಡ್ರಿಪ್ ಇದ್ದವರಿಗೆ. ಮೋಟಾರು ಓಡಿದೆ ಎಂದರೆ ನೀರು ಬಿದ್ದಿದೆ ಎಂದಲ್ಲ. ಗಂಟೆಗೆ 4 ಲೀಟರಿನ ಡ್ರಿಪ್ಪರ್ ಆದರೆ 15 ನಿಮಿಷಕ್ಕೆ ಸರಿಯಾಗಿ 1 ಲೀಟರ್ ಕೊಡಬೇಕು. ಖಾಲಿ ನೀರಿನ ಬಾಟಲಿಯನ್ನು ಮಣ್ಣಿನಲ್ಲಿ ಹೂತು, ಲ್ಯಾಟರಲ್‌ನ (ಸಾಲಿನುದ್ದಕ್ಕೆ ಹಾಸಿದ ಡ್ರಿಪ್ ಪೈಪಿನ) ಮೊದಲ ಡ್ರಿಪ್ಪರ್ ಕೆಳಗೊಂದು, ಕೊನೆಯದರ ಕೆಳಗೊಂದು ಇಡಿ. ಎರಡರಲ್ಲೂ ಕಡಿಮೆ ಬಂದರೆ ಫಿಲ್ಟರ್ ಕಟ್ಟಿದೆ ಅಥವಾ ಬೋರ್ ಇಳಿದಿದೆ. ಮೊದಲನೆಯದು ತುಂಬಿ ಕೊನೆಯದು ಅರ್ಧವಾದರೆ ಲೈನು ಉದ್ದವಾಯಿತು, ಎಲ್ಲೋ ಸೋರುತ್ತಿದೆ, ಇಲ್ಲವೇ ತುದಿಯಲ್ಲಿ ಕೆಸರು ಕೂತಿದೆ. ಎಂಡ್ ಕ್ಯಾಪ್ ಬಿಚ್ಚಿ ನೀರು ತಿಳಿಯಾಗುವವರೆಗೆ ಬಿಡಿ. ಅಲ್ಲೊಂದು ಇಲ್ಲೊಂದು ಡ್ರಿಪ್ಪರ್ ಕಟ್ಟಿ, ಬಾಯಿಯಲ್ಲಿ ಬಿಳಿ ಗಟ್ಟಿ ಪುಡಿ ಕಂಡರೆ ಅದು ಸುಣ್ಣದ ಅಂಶ.

ಸುಣ್ಣ ತೆಗೆಯಲು ಆಮ್ಲ ಬಿಡುವವರು ಗಮನಿಸಿ: ಮೊದಲು ನೀರು, ಆಮೇಲೆ ಅದರೊಳಕ್ಕೆ ಆಮ್ಲ, ನಿಧಾನವಾಗಿ. ಆಮ್ಲದ ಮೇಲೆ ನೀರು ಸುರಿದರೆ ಮುಖಕ್ಕೆ ಸಿಡಿಯುತ್ತದೆ. ಕೈಗವಸು, ಕನ್ನಡಕ ಇರಲಿ. ಬ್ಲೀಚಿಂಗ್ ಪೌಡರ್ ಬಿಟ್ಟ ದಿನ ಆಮ್ಲ ಬೇಡ. ಎರಡೂ ಸೇರಿದರೆ ಬರುವ ಕ್ಲೋರಿನ್ ಅನಿಲ ಪ್ರಾಣಾಂತಿಕ. ತ್ರೀ ಫೇಸ್ ಕರೆಂಟು ಬಹಳ ಕಡೆ ರಾತ್ರಿಯೇ ಬರುವುದು. ಒದ್ದೆ ಕೈಯಲ್ಲಿ, ಬರಿಗಾಲಲ್ಲಿ ಸ್ಟಾರ್ಟರ್ ಮುಟ್ಟಬೇಡಿ. ಪೆಟ್ಟಿಗೆ ಮುಟ್ಟಿದಾಗ ಜುಮ್ಮೆಂದರೆ ಅಂದೇ ಎಲೆಕ್ಟ್ರಿಷಿಯನ್ ಕರೆಸಿ, ಬೆಳೆ ಒಂದು ದಿನ ಕಾಯುತ್ತದೆ.

ಎಲೆ ಸುರುಳಿ ಸುತ್ತಿದೆ, ಮಡಚಿದೆ, ತಿರುಗಿ ನಿಂತಿದೆ

ಮೆಕ್ಕೆಜೋಳ, ಜೋಳ, ರಾಗಿ, ಭತ್ತದ ಎಲೆಯಲ್ಲಿ ದೊಡ್ಡ ದೊಡ್ಡ ಉಬ್ಬು ಕೋಶಗಳ ಸಾಲಿರುತ್ತದೆ. ನೀರು ಕಡಿಮೆಯಾದಾಗ ಮೊದಲು ಕುಗ್ಗುವುದು ಅವೇ. ಎಲೆ ಉದ್ದಕ್ಕೆ ಸುತ್ತಿಕೊಂಡು ಕೊಳವೆಯಾಗುತ್ತದೆ, ಆವಿ ಹೋಗುವ ಮೈ ಕಡಿಮೆಯಾಗುತ್ತದೆ. ದ್ವಿದಳದವು ಬೇರೆ ದಾರಿ ಹಿಡಿಯುತ್ತವೆ. ಶೇಂಗಾ ಎಲೆ ಜೋಡಿ ಜೋಡಿಯಾಗಿ ಮಡಚುತ್ತದೆ. ಸೋಯಾಬೀನ್ ಎಲೆ ತಿರುಗಿ ಬೆಳ್ಳನೆಯ ಹಿಂಬದಿ ತೋರಿಸುತ್ತದೆ. ಅಲಸಂದೆ, ಹೆಸರಿನ ಎಲೆ ನೆತ್ತಿಯ ಸೂರ್ಯನ ಕಡೆಗೆ ಅಂಚು ಮಾಡಿ ನಿಲ್ಲುತ್ತದೆ. ಬೀದರ್ ಕಡೆ ಸೋಯಾ ಹೊಲ ಮಧ್ಯಾಹ್ನ ದೂರದಿಂದ ಬೂದುಬಣ್ಣಕ್ಕೆ ತಿರುಗಿದಂತೆ ಕಂಡರೆ ಕಾರಣ ಇದೇ, ಬೂದಿ ರೋಗವಲ್ಲ.

ಪರೀಕ್ಷೆ ಸುಲಭ: ರಾತ್ರಿ ಎಂಟಕ್ಕೆ ಟಾರ್ಚ್ ಹಿಡಿದು ನೋಡಿ. ಸುರುಳಿ ಬಿಚ್ಚಿದ್ದರೆ ಅದು ಗಿಡದ ಉಪಾಯ. ರಾತ್ರಿಯೂ ಬಿಚ್ಚದೆ, ಎಲೆ ದಪ್ಪಗಾಗಿ, ಮೊಗ್ಗು ಕುರುಚಲಾಗಿ ಮುದುಡಿದ್ದರೆ ಥ್ರಿಪ್ಸ್, ಮೈಟ್ ನುಸಿ ಅಥವಾ ನಂಜಾಣು. ಮೆಣಸಿನಕಾಯಿ, ಟೊಮೆಟೊಗಳ ಮುಟುರು ರೋಗಕ್ಕೆ ಎಷ್ಟು ನೀರು ಬಿಟ್ಟರೂ ಪ್ರಯೋಜನವಿಲ್ಲ. ಟೊಮೆಟೊದ ಕೆಳಗಿನ ಎಲೆ ಮಾತ್ರ ಮೇಲ್ಮುಖವಾಗಿ ಸುತ್ತಿ ಒರಟಾಗಿದ್ದು, ಕುಡಿ ಚೆನ್ನಾಗಿದ್ದರೆ ತಲೆಕೆಡಿಸಿಕೊಳ್ಳಬೇಡಿ.

ಸುರುಳಿ ಕಂಡಾಗ ಅವಸರ ಮಾಡಬೇಕೋ ಬೇಡವೋ ಎನ್ನುವುದನ್ನು ಬೆಳೆಯ ಹಂತ ನಿರ್ಧರಿಸುತ್ತದೆ. ಮೊಣಕಾಲುದ್ದದ ಮೆಕ್ಕೆಜೋಳ ನಾಲ್ಕು ದಿನ ಮಧ್ಯಾಹ್ನ ಸುರುಳಿ ಸುತ್ತಿದರೂ ಮಳೆ ಬಂದರೆ ಎದ್ದು ನಿಲ್ಲುತ್ತದೆ. ಸೂಲಂಗಿ (ತುದಿಯ ಗಂಡು ಹೂಗೊಂಚಲು) ಬಂದು ತೆನೆಯ ರೇಷ್ಮೆಕೂದಲು ಹೊರಡುವ ಎರಡು ವಾರದಲ್ಲಿ ಹಾಗಲ್ಲ. ನೀರು ಸಾಲದೆ ಕೂದಲು ತಡವಾಗುತ್ತದೆ, ಅಷ್ಟರಲ್ಲಿ ಪರಾಗ ಉದುರಿ ಮುಗಿದಿರುತ್ತದೆ. ಮುಂದೆ ಎಷ್ಟು ಮಳೆ ಬಂದರೂ ಹಲ್ಲುದುರಿದ ತೆನೆಯೇ. ಒಂದೇ ಒಂದು ಸಲ ಕೊಡುವಷ್ಟು ನೀರಿದ್ದರೆ ಅದನ್ನು ಇಲ್ಲಿಗೆ ಇಟ್ಟುಕೊಳ್ಳಿ. ಶೇಂಗಾಕ್ಕೆ ಆ ಹೊತ್ತು ಊಡು (ಹೂವಿನಿಂದ ಹೊರಟು ಮಣ್ಣಿನೊಳಗೆ ಕಾಯಾಗುವ ಎಳೆ) ಇಳಿಯುವಾಗ: ಮೇಲ್ಮಣ್ಣು ಗಟ್ಟಿಯಾಗಿದ್ದರೆ ಊಡು ಒಳಗಿಳಿಯದೆ ಒಣಗುತ್ತದೆ. ರಾಗಿಗೆ ತೆನೆ ಹೊರಡುವಾಗ, ಹೂವಾಡುವಾಗ.

ಬಾಡಿಲ್ಲ, ಸುತ್ತಿಲ್ಲ, ಆದರೆ ಬೆಳೆಯುತ್ತಲೂ ಇಲ್ಲ

ಇದು ಮೋಸದ ಲಕ್ಷಣ. ಒಂದೇ ಹೊಲದಲ್ಲಿ ಸೂರ್ಯಕಾಂತಿ ಜೋತುಬಿದ್ದು, ಪಕ್ಕದ ಅಲಸಂದೆ ಹಸಿರಾಗಿ ನಿಂತಿರುತ್ತದೆ. ನೋಡಿದವರು ಅಲಸಂದೆಗೆ ಏನೂ ಆಗಿಲ್ಲ ಅನ್ನುತ್ತಾರೆ. ನಿಜ ಏನೆಂದರೆ ಅಲಸಂದೆ, ಮೆಕ್ಕೆಜೋಳದಂಥವು ಮಣ್ಣು ಸ್ವಲ್ಪ ಒಣಗಿದ ಕೂಡಲೇ ರಂಧ್ರ ಬಿಗಿಯುತ್ತವೆ, ಎಲೆಯೊಳಗಿನ ನೀರು ಇಳಿಯಲು ಬಿಡುವುದಿಲ್ಲ. ಸೂರ್ಯಕಾಂತಿ ಬಾಡುತ್ತಲೇ ರಂಧ್ರ ತೆರೆದಿಟ್ಟು ಆಹಾರ ತಯಾರಿಸುತ್ತಿರುತ್ತದೆ. ಜೋತುಬಿದ್ದದ್ದು ದುಡಿಯುತ್ತಿದೆ, ನೆಟ್ಟಗೆ ನಿಂತದ್ದು ಬಾಗಿಲು ಹಾಕಿ ಕೂತಿದೆ.

ರಂಧ್ರ ಮುಚ್ಚಿದೆಯೇ ಎಂದು ತಿಳಿಯಲು ಎರಡು ದಾರಿ. ಹನ್ನೊಂದು ಗಂಟೆ ಬಿಸಿಲಲ್ಲಿ, ಬಿಸಿಲು ಬೀಳುತ್ತಿರುವ ಎಲೆಯನ್ನು ಬೆರಳ ನಡುವೆ ಹಿಡಿಯಿರಿ. ಆವಿ ಬಿಡುತ್ತಿರುವ ಎಲೆ ತಣ್ಣಗೆ ತಾಗುತ್ತದೆ, ಮುಚ್ಚಿದ ಎಲೆ ಬೆಚ್ಚಗಿರುತ್ತದೆ. ಕೈ ನಂಬಿಕೆಯಿಲ್ಲದವರು ಎರಡು ಪಾರದರ್ಶಕ ಪಾಲಿಥಿನ್ ಚೀಲ ತನ್ನಿ. ಬೆಳಗ್ಗೆ ಒಂಬತ್ತರ ಹೊತ್ತಿಗೆ ಒಂದನ್ನು ಅನುಮಾನದ ಗಿಡದ ಕೊಂಬೆಗೆ, ಇನ್ನೊಂದನ್ನು ಪೈಪು ಸೋರುವ ಜಾಗದ ಗಿಡದ ಅಷ್ಟೇ ಎಲೆಗಳಿರುವ ಕೊಂಬೆಗೆ ಹಾಕಿ ದಾರ ಬಿಗಿಯಿರಿ. ಅರ್ಧ ಗಂಟೆಯಲ್ಲಿ ಎರಡನೆಯ ಚೀಲದ ಒಳಮೈ ಮಸುಕಾಗಿ, ಹನಿಗಳು ಸೇರಿ ಮೂಲೆಗೆ ಇಳಿಯತೊಡಗುತ್ತವೆ. ಮೊದಲನೆಯದರಲ್ಲಿ ಬರೀ ಮಂಜಿನ ಪೊರೆ ಇದ್ದರೆ ಗಿಡ ಮುಚ್ಚಿಕೊಂಡಿದೆ. ಚೀಲ ಮರೆತು ಮಧ್ಯಾಹ್ನದವರೆಗೆ ಬಿಟ್ಟರೆ ಎಲೆ ಬೆಂದೇ ಹೋಗುತ್ತದೆ.

ಇಲ್ಲಿ ಏನು ಮಾಡಬಹುದು? ನೀರಿದ್ದರೆ ನೀರು. ಇಲ್ಲದಿದ್ದರೆ ಮುಚ್ಚಿಗೆ ಹಾಸಿ, ಕಳೆ ತೆಗೆಯಿರಿ. ಯೂರಿಯಾ ಮಾತ್ರ ಕೊಡಬೇಡಿ. ಅದರಿಂದ ಎಲೆ ಹೆಚ್ಚಿದರೆ ಆವಿ ಬಿಡುವ ಮೈಯೂ ಹೆಚ್ಚುತ್ತದೆ. ಲೀಟರಿಗೆ 10 ಗ್ರಾಂ ಪೊಟ್ಯಾಸಿಯಂ ನೈಟ್ರೇಟ್ ಸಿಂಪಡಿಸುವುದು, 5–6 ಶೇಕಡಾ ಕೆಯೋಲಿನ್ ಬಿಳಿ ಜೇಡಿ ಸಿಂಪಡಿಸಿ ಬಿಸಿಲನ್ನು ಹಿಂದಕ್ಕೆ ಹೊಡೆಸುವುದು ರೂಢಿಯಲ್ಲಿವೆ. ಇವು ಕೆಲವು ದಿನ ತಳ್ಳುವ ಉಪಾಯ, ನೀರಿನ ಬದಲಿ ಅಲ್ಲ. 'ಬಾಷ್ಪ ತಡೆ' ಎಂದು ಅಂಗಡಿಯಲ್ಲಿ ಕೊಡುವ ಡಬ್ಬಿಯ ಮೇಲೆ ಅದರಲ್ಲಿ ಏನಿದೆ ಎಂದೇ ಬರೆದಿರದಿದ್ದರೆ ದುಡ್ಡು ಜೇಬಿನಲ್ಲೇ ಇರಲಿ.

ಮುಂದಿನ ವರ್ಷದ ಬೆಳೆ ಆರಿಸುವಾಗ ಒಂದು ಹಳೆಯ ಲೆಕ್ಕ ನೆನಪಿರಲಿ. 20ನೇ ಶತಮಾನದ ಆರಂಭದಲ್ಲಿ ಅಮೆರಿಕದ ಬ್ರಿಗ್ಸ್ ಮತ್ತು ಶಾಂಟ್ಜ್ ಕುಂಡಗಳನ್ನು ತೂಗಿ ತೂಗಿ ಅಳೆದಂತೆ, ಒಂದು ಕಿಲೋ ಒಣ ಪದಾರ್ಥ ಕಟ್ಟಲು ಸಿರಿಧಾನ್ಯ, ಜೋಳ, ಮೆಕ್ಕೆಜೋಳಗಳು ಸುಮಾರು 300ರಿಂದ 370 ಲೀಟರ್ ಆವಿ ಬಿಟ್ಟರೆ ಗೋಧಿ 500 ದಾಟುತ್ತದೆ, ಕುದುರೆ ಮಸಾಲೆ (ಲೂಸರ್ನ್ ಮೇವು) 800.

ಮಣ್ಣು ಹಸಿಯಿದೆ, ಆದರೂ ಬಾಡಿದೆ

ಅತಿ ಹೆಚ್ಚು ತಪ್ಪು ನಡೆಯುವುದು ಇಲ್ಲೇ, ಯಾಕೆಂದರೆ ಇನ್ನಷ್ಟು ನೀರು ಬಿಡುವುದೇ ಮೊದಲು ಹೊಳೆಯುವ ಪರಿಹಾರ. ಸುಲಭದಿಂದ ಕಷ್ಟಕ್ಕೆ ಹೋಗೋಣ.

ಕಳೆದ ಮೂರು ದಿನದಲ್ಲಿ ಗೊಬ್ಬರ ಕೊಟ್ಟಿದ್ದೀರಾ? ಬುಡಕ್ಕೆ ಯೂರಿಯಾ ಸುರಿದು ನೀರು ಸಾಲದಾದರೆ ಬೇರಿನ ಸುತ್ತ ಉಪ್ಪು ಹೆಚ್ಚಿ, ನೀರು ಬೇರಿನೊಳಕ್ಕೆ ಬರುವ ಬದಲು ಅಲ್ಲೇ ಕಟ್ಟಿಬೀಳುತ್ತದೆ. ಉಳಿದ ಹರಳು ತೆಗೆದುಹಾಕಿ, ಒಂದು ಸಲ ಧಾರಾಳ ನೀರು ಕೊಡಿ. ಈ ಭಾಗದಲ್ಲಿ ಹೆಚ್ಚು ನೀರು ಔಷಧಿಯಾಗುವುದು ಇದೊಂದಕ್ಕೆ ಮಾತ್ರ.

ಮೇಲ್ಮಣ್ಣಿನಲ್ಲಿ ಬಿಳಿ ಪೊರೆ ಕಾಣುತ್ತದೆಯೇ? ಅದು ಚೌಳು. ತುಂಗಭದ್ರಾ ಅಚ್ಚುಕಟ್ಟಿನ ತಗ್ಗು ಹೊಲಗಳಲ್ಲಿ ಇದನ್ನು ಹೇಳಿಕೊಡಬೇಕಾಗಿಲ್ಲ. ಮಣ್ಣಿನಲ್ಲಿ ನೀರಿದ್ದೂ ಗಿಡಕ್ಕೆ ಬರ. ಮಣ್ಣು ಪರೀಕ್ಷೆಯಲ್ಲಿ ವಿದ್ಯುತ್ ವಾಹಕತೆ (ಇ.ಸಿ.) ಮೀಟರಿಗೆ 4 ಡೆಸಿಸೀಮೆನ್ಸ್ ದಾಟಿದ್ದರೆ ಲವಣ ಮಣ್ಣು ಎಂದು ಲೆಕ್ಕ. ಬಸಿಗಾಲುವೆ ಇಲ್ಲದೆ ನೀರು ನಿಲ್ಲಿಸಿ ಉಪ್ಪು ತೊಳೆಯಲು ಹೋದರೆ ಉಪ್ಪು ಮತ್ತೆ ಮೇಲೇರುತ್ತದೆ.

ಗುದ್ದಲಿಯಿಂದ ತೆಗೆದ ಮಣ್ಣು ಕೊಳೆತ ವಾಸನೆ ಬರುತ್ತಿದೆಯೇ, ಬೇರು ಕಂದಾಗಿ ಸಿಪ್ಪೆ ಜಾರಿ ಬರುತ್ತದೆಯೇ? ನೀರು ಹೆಚ್ಚಾಗಿ ಬೇರಿಗೆ ಉಸಿರಿಲ್ಲ. ನೀರು ನಿಲ್ಲಿಸಿ, ಬಸಿಯಲು ದಾರಿ ಮಾಡಿ.

ಗಿಡ ಹಿಡಿದೆಳೆದರೆ ಸಲೀಸಾಗಿ ಕೈಗೆ ಬಂತೇ? ಬೇರು ತುಂಡಾಗಿದ್ದರೆ ಬುಡದ ಮಣ್ಣು ಜಾಲಾಡಿ; ಬಿಳಿ ಮೈ, ಕಂದು ತಲೆ, ಅರ್ಧಚಂದ್ರದಂತೆ ಬಾಗಿದ ಗೊಣ್ಣೆ ಹುಳು ಸಿಗುತ್ತದೆ. ಶೇಂಗಾ, ಕಬ್ಬು, ಅಡಿಕೆಗೆ ಇದರ ಕಾಟ. ಮಣ್ಣಿನ ಕೊಳವೆಗಳಿದ್ದರೆ ಗೆದ್ದಲು. ಬೇರು ಇದ್ದು ಅದರ ತುಂಬ ಗಂಟುಗಳಿದ್ದರೆ ಗಂಟುಬೇರಿನ ಜಂತುಹುಳು. ದ್ವಿದಳದ ಬೇರಿನ ಸಾರಜನಕದ ಗಂಟಿಗೂ ಇದಕ್ಕೂ ವ್ಯತ್ಯಾಸವಿದೆ: ಸಾರಜನಕದ ಗಂಟು ಉಗುರಿಗೆ ಸುಲಭವಾಗಿ ಕಳಚುತ್ತದೆ, ಒಳಗೆ ಗುಲಾಬಿ ಬಣ್ಣ. ಜಂತುಹುಳುವಿನ ಗಂಟು ಬೇರಿನದೇ ಊತ, ಕಳಚುವುದಿಲ್ಲ.

ಇವು ಯಾವುದೂ ಅಲ್ಲದಿದ್ದರೆ ಕಾಂಡ ಸೀಳಿ. ನೀರು ಏರುವ ಕೊಳವೆಗಳು ಕಟ್ಟಿಕೊಂಡಿವೆಯೇ ನೋಡುವುದು ಉದ್ದೇಶ. ತೊಗರಿಯಲ್ಲಿ ಬುಡದಿಂದ ಮೇಲಕ್ಕೆ ಕಂದು-ನೇರಳೆ ಪಟ್ಟೆ, ತೊಗಟೆ ಸುಲಿದರೆ ಒಳಗೆ ಕಪ್ಪು ಗೆರೆಗಳು ಕಂಡರೆ ನೆಟೆ ರೋಗ. ಫ್ಯುಸೇರಿಯಂ ಶಿಲೀಂಧ್ರ ಕೊಳವೆ ಹಿಡಿದಿದೆ. 2022ರ ಹಂಗಾಮಿನಲ್ಲಿ ಕಲಬುರಗಿಯ ತೊಗರಿಗೆ ಇದು ಕೊಟ್ಟ ಪೆಟ್ಟು ಅಲ್ಲಿಯವರಿಗೆ ಮರೆತಿಲ್ಲ. ಬಾಡಿದ ಗಿಡಕ್ಕೆ ಮದ್ದಿಲ್ಲ. ಮುಂದಿನ ಸಲ ಟಿಎಸ್-3ಆರ್, ಜಿಆರ್‌ಜಿ-811ರಂಥ ರೋಗ ತಡೆಯುವ ತಳಿ, ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರದ ಬೀಜೋಪಚಾರ, ಬೆಳೆ ಬದಲಾವಣೆ.

ಟೊಮೆಟೊ, ಬದನೆ, ಆಲೂಗಡ್ಡೆ, ಮೆಣಸಿನ ಗಿಡ ಹಳದಿಯಾಗದೆ ಹಸಿರಿದ್ದಂತೆಯೇ ಒಂದೆರಡು ದಿನದಲ್ಲಿ ಕುಸಿದರೆ ದುಂಡಾಣು ಸೊರಗು ರೋಗದ ಅನುಮಾನ. ಅದಕ್ಕೆ ಗಾಜಿನ ಲೋಟವೇ ಪ್ರಯೋಗಾಲಯ. ಬುಡದ ಹತ್ತಿರ ಎರಡಂಗುಲ ಕಾಂಡವನ್ನು ಹರಿತ ಚಾಕುವಿನಿಂದ ಕತ್ತರಿಸಿ, ತಿಳಿನೀರಿನ ಲೋಟದಲ್ಲಿ ಕೊಯ್ದ ತುದಿ ಮಾತ್ರ ಮುಳುಗುವಂತೆ ಕಡ್ಡಿಗೆ ಸಿಕ್ಕಿಸಿ ಇಳಿಬಿಡಿ. ಅಲುಗಿಸಬೇಡಿ. ಲೋಟದ ಹಿಂದೆ ಕಪ್ಪು ಬಟ್ಟೆ ಹಿಡಿದರೆ ಚೆನ್ನಾಗಿ ಕಾಣುತ್ತದೆ. ದುಂಡಾಣುವಿದ್ದರೆ ಕೆಲವೇ ನಿಮಿಷದಲ್ಲಿ ಕೊಯ್ದ ಬಾಯಿಯಿಂದ ಹಾಲುಬಣ್ಣದ ತೆಳು ಎಳೆ ಹೊರಟು, ಚದುರದೆ ನೇರವಾಗಿ ತಳಕ್ಕೆ ಇಳಿಯುತ್ತದೆ. ಸ್ವಲ್ಪ ಹೊತ್ತಿಗೆ ನೀರೆಲ್ಲ ಮಬ್ಬಾಗುತ್ತದೆ. ಎಳೆ ಬರದೆ, ಕಾಂಡದ ಒಳಗೆ ಮಾತ್ರ ಕಂದು ಬಣ್ಣವಿದ್ದು, ಕೆಳಗಿನ ಎಲೆಗಳು ಮೊದಲು ಹಳದಿಯಾಗಿದ್ದರೆ ಶಿಲೀಂಧ್ರದ ಕಡೆ ಯೋಚಿಸಿ.

ಎಳೆ ಕಂಡಿತೆಂದರೆ ಪರೀಕ್ಷೆ ಅಲ್ಲಿಗೆ ನಿಲ್ಲಿಸಿ. ಆ ಸಾಲಿಗೆ ನೀರು ಬಂದ್ ಮಾಡಿ. ಗಿಡವನ್ನು ಬೇರು ಮಣ್ಣು ಸಮೇತ ಚೀಲಕ್ಕೆ ತುಂಬಿ ಹೊಲದ ಹೊರಗೆ ಸುಡಿ. ತಿಪ್ಪೆಗೆ ಹಾಕಬೇಡಿ, ಎಳೆದುಕೊಂಡೂ ಹೋಗಬೇಡಿ. ಲೋಟದ ನೀರನ್ನು ಹೊಲಕ್ಕೆ ಚೆಲ್ಲದೆ ಕುದಿಸಿ ಚೆಲ್ಲಿ, ಚಾಕು ತೊಳೆದು ಬೆಂಕಿಗೆ ಹಿಡಿಯಿರಿ.

ಎಲೆಯ ಅಂಚು ಸುಟ್ಟಂತಿದೆ

ಕೆಳಗಿನ ಹಳೆಯ ಎಲೆಗಳ ಅಂಚು ಮೊದಲು ಸುಟ್ಟರೆ ಪೊಟ್ಯಾಷ್ ಕೊರತೆ ನೋಡಿ. ಕಾವಲು ಕೋಶ ನಡೆಯುವುದೇ ಪೊಟ್ಯಾಸಿಯಂ ಮೇಲೆ ಎಂದು ಹೇಳಿದ್ದೆ. ಅದು ಸಾಲದ ಗಿಡದಲ್ಲಿ ರಂಧ್ರ ಬೇಕಾದಾಗ ಸರಿಯಾಗಿ ಮುಚ್ಚುವುದಿಲ್ಲ, ಬರದಲ್ಲಿ ಅದು ಮೊದಲು ಸೋಲುತ್ತದೆ. ಅಂಚಿನ ಸುಡುವಿಕೆಯ ಜೊತೆ ಮಣ್ಣಿನಲ್ಲಿ ಬಿಳಿ ಪೊರೆ ಇದ್ದರೆ ಉಪ್ಪು. ಬಿಸಿಗಾಳಿ ಬೀಸುವ ಬದಿಯ ಎಲೆ ಮಾತ್ರ ಸುಟ್ಟಿದ್ದರೆ ಗಾಳಿಯ ಕೆಲಸ, ಬದುವಿನಲ್ಲಿ ಗಾಳಿ ತಡೆ ಬೇಕು.

ಎಲೆ ಸರಿಯಿದೆ, ಕಾಯಿ ಕೆಡುತ್ತಿದೆ

ಟೊಮೆಟೊ ಕಾಯಿಯ ತಳ ಕಪ್ಪಾಗಿ ಒಳಕ್ಕೆ ಕುಸಿದು ತೊಗಲಿನಂತಾದರೆ ಔಷಧಿ ಅಂಗಡಿಗೆ ಓಡಬೇಡಿ. ಕ್ಯಾಲ್ಸಿಯಂ ಗಿಡದಲ್ಲಿ ಚಲಿಸುವುದು ಏರುವ ನೀರಿನ ಜೊತೆಗೆ ಮಾತ್ರ. ನೀರು ಹೋಗುವುದು ಆವಿ ಹೆಚ್ಚು ಬಿಡುವ ಎಲೆಗೆ, ಕಾಯಿಯ ಪಾಲಿಗೆ ಸ್ವಲ್ಪ. ನಾಲ್ಕು ದಿನ ಒಣಗಿಸಿ ಐದನೆಯ ದಿನ ತುಂಬಿಸುವ ಹೊಲದಲ್ಲಿ ಮಣ್ಣಿನಲ್ಲಿ ಸುಣ್ಣವಿದ್ದರೂ ಕಾಯಿಯ ತುದಿಗೆ ತಲುಪುವುದಿಲ್ಲ. ಕಡಿಮೆಯಾದರೂ ಸರಿ, ದಿನಾ ಸಮನಾಗಿ ಕೊಡಿ. ದಾಳಿಂಬೆ, ನಿಂಬೆ ಸೀಳುವುದಕ್ಕೂ ಇದೇ ಏರುಪೇರು ದೊಡ್ಡ ಕಾರಣ: ಒಣಗಿ ಬಿಗಿದ ಸಿಪ್ಪೆಯೊಳಗೆ ತಿರುಳು ಒಮ್ಮೆಲೇ ಉಬ್ಬುತ್ತದೆ.

ತೆಂಗಿನ ಗರಿ ಜೋತಿದೆ, ಅಡಿಕೆ ಹಿಂಗಾರ ಒಣಗಿದೆ

ಮರಗಳ ಲೆಕ್ಕಾಚಾರ ಬೇರೆ, ಅವಕ್ಕೆ ನೋವು ತಡವಾಗಿ ಕಾಣುತ್ತದೆ. ತೆಂಗಿನ ಹೊಂಬಾಳೆ ಸುಳಿಯೊಳಗೆ ಮೊಳೆತಾಗಿನಿಂದ ಕಾಯಿ ಬಲಿಯುವವರೆಗೆ ಸುಮಾರು 44 ತಿಂಗಳು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವಾದ 2023ರಂಥ ವರ್ಷದ ಪೆಟ್ಟು ಅದೇ ವರ್ಷಕ್ಕೆ ಮುಗಿಯುವುದಿಲ್ಲ. ಈ ವರ್ಷ ಚೆನ್ನಾಗಿ ಮಳೆಯಾದರೂ ಕಾಯಿ ಕಡಿಮೆ ಯಾಕೆ ಎನ್ನುವವರು ಎರಡು-ಮೂರು ವರ್ಷದ ಹಿಂದಿನ ಬೇಸಿಗೆಯನ್ನು ನೆನಪಿಸಿಕೊಳ್ಳಲಿ.

ಕೆಳಗಿನ ಗರಿ ಕಾಂಡಕ್ಕೆ ಅಂಟಿದಂತೆ ಜೋತಿದ್ದು ಸುಳಿ ನೆಟ್ಟಗಿದ್ದರೆ ಬರ. ಸುಳಿಯೇ ಬಾಗಿದರೆ, ಕಾಂಡದಿಂದ ಕಂದು ರಸ ಸೋರಿದರೆ ಬೇರೆ ರೋಗ, ಕಾಯದೆ ತೋರಿಸಿ. ತೀರಾ ನೀರಿಲ್ಲದ ತೋಟದಲ್ಲಿ ಕೆಳಗಿನ ಮೂರ್ನಾಲ್ಕು ಹಳೆ ಗರಿ ಕಡಿದರೆ ಆವಿಯ ಹೊರೆ ಇಳಿಯುತ್ತದೆ. ಅದಕ್ಕಿಂತ ಹೆಚ್ಚು ಕಡಿಯಬೇಡಿ. ಬುಡದ ಸುತ್ತ ಸಿಪ್ಪೆಯನ್ನು ಬೋರಲು ಹಾಕಿ ಮುಚ್ಚಿ. ಅಡಿಕೆಗೆ ಬೇಸಿಗೆಯಲ್ಲಿ ಡ್ರಿಪ್‌ನಲ್ಲಿ ಮರಕ್ಕೆ ದಿನಕ್ಕೆ 16ರಿಂದ 20 ಲೀಟರ್ ಬೇಕು. ಅದರ ಬೇರು ಮೇಲ್ಮಟ್ಟದಲ್ಲೇ ಹರಡಿರುವುದರಿಂದ ವಾರಕ್ಕೊಮ್ಮೆ ತುಂಬಿಸುವುದಕ್ಕಿಂತ ದಿನಾ ಸ್ವಲ್ಪ ಕೊಡುವುದು ಲಾಭ. ಮರ ಹತ್ತಿ ನೋಡುವ ಕೆಲಸವನ್ನು ಹತ್ತುವವರಿಗೇ ಬಿಡಿ.

ದನ ಮತ್ತು ಮನೆಯವರ ಸುರಕ್ಷತೆ

ಬೆಳೆ ಹೋಯಿತು, ಮೇವಾದರೂ ಆಗಲಿ ಎಂದು ಬಾಡಿದ ಎಳೆ ಜೋಳಕ್ಕೆ ದನ ಬಿಡುವುದು ಜೀವಕ್ಕೆ ಅಪಾಯ. ಬರಕ್ಕೆ ಸಿಕ್ಕಿ ಕುಂಠಿತವಾದ ಜೋಳದಲ್ಲಿ, ಅದಕ್ಕಿಂತ ಹೆಚ್ಚಾಗಿ ಮಳೆ ಬಿದ್ದ ಮೇಲೆ ಚಿಗುರುವ ಕುಳೆಯಲ್ಲಿ, ಸೈನೈಡ್ ಬಿಡುಗಡೆ ಮಾಡುವ ಅಂಶ ಹೆಚ್ಚಿರುತ್ತದೆ. ತಿಂದ ಸ್ವಲ್ಪ ಹೊತ್ತಿನಲ್ಲೇ ದನ ಏದುಸಿರು ಬಿಟ್ಟು, ನಡುಗಿ, ಬೀಳಬಹುದು. ಇಂಥ ಲಕ್ಷಣ ಕಂಡರೆ ಮನೆಮದ್ದು ಮಾಡುತ್ತ ಕೂರದೆ ಪಶುವೈದ್ಯರಿಗೆ ಫೋನ್ ಮಾಡಿ, ಮೇವು ಯಾವುದೆಂದು ಮೊದಲೇ ಹೇಳಿ. ಚೆನ್ನಾಗಿ ಒಣಗಿಸಿದ ಸೊಪ್ಪೆಯಲ್ಲಿ ಅಪಾಯ ಬಹಳ ಕಡಿಮೆ.

ಶೇಂಗಾ ಕಾಯಿ ಬಲಿಯುವ ಕೊನೆಯ ವಾರಗಳಲ್ಲಿ ಬರ ಬಿದ್ದರೆ ಬೂಷ್ಟು ಸೇರಿ ಅಫ್ಲಾಟಾಕ್ಸಿನ್ ವಿಷ ಕೂಡುವ ಸಂಭವ ಹೆಚ್ಚು. ಸುಕ್ಕಿದ, ಒಡೆದ, ಹಸಿರು-ಹಳದಿ ಬೂಷ್ಟಿನ ಕಾಳನ್ನು ಬೇರೆ ಮಾಡಿ ಎಸೆಯಿರಿ. ಹುರಿದರೂ ಆ ವಿಷ ಪೂರ್ತಿ ಹೋಗುವುದಿಲ್ಲ, ಹಿಂಡಿ ಮಾಡಿಸಿ ಹಸುವಿಗೆ ಹಾಕಿದರೆ ಹಾಲಿಗೂ ಬರುತ್ತದೆ.

ಯಾವಾಗ ಕೈಬಿಟ್ಟು ತೋರಿಸಬೇಕು

ಬಾಡುವ ಗಿಡಗಳು ಸಾಲಿನಲ್ಲಿ ಒಂದರ ಪಕ್ಕ ಒಂದು ದಿನದಿನಕ್ಕೆ ಹೆಚ್ಚುತ್ತಿದ್ದರೆ, ನೀರು ಕೊಟ್ಟ ಮರುದಿನ ಬೆಳಗ್ಗೆಯೂ ಎದ್ದಿಲ್ಲದಿದ್ದರೆ, ಲೋಟದಲ್ಲಿ ಎಳೆ ಕಂಡಿದ್ದರೆ ಸ್ವಂತ ಪ್ರಯೋಗ ನಿಲ್ಲಿಸಿ. ಹೋಬಳಿಯ ರೈತ ಸಂಪರ್ಕ ಕೇಂದ್ರ, ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರ ಇವೆ. ಕಿಸಾನ್ ಕಾಲ್ ಸೆಂಟರ್ 1800-180-1551ಕ್ಕೆ ಕನ್ನಡದಲ್ಲೇ ಮಾತಾಡಬಹುದು.

ಹೋಗುವಾಗ ಪೂರ್ತಿ ಸತ್ತ ಗಿಡ ಒಯ್ಯಬೇಡಿ, ಅದರಲ್ಲಿ ಕೊಳೆಸುವ ಬೇರೆ ಸೂಕ್ಷ್ಮಜೀವಿಗಳು ಸೇರಿ ನಿಜವಾದ ಕಾರಣ ಮುಚ್ಚಿಹೋಗಿರುತ್ತದೆ. ಈಗಷ್ಟೇ ಬಾಡತೊಡಗಿದ ಒಂದು, ಅರ್ಧ ಬಾಡಿದ ಒಂದು, ಚೆನ್ನಾಗಿರುವ ಒಂದು, ಮೂರನ್ನೂ ಕೀಳದೆ, ಅಗೆದು, ಬೇರಿನ ಮಣ್ಣು ಸಮೇತ ತೆಗೆಯಿರಿ. ಹಳೆ ಪೇಪರಿನಲ್ಲಿ ಸುತ್ತಿ. ಪ್ಲಾಸ್ಟಿಕ್ ಚೀಲದಲ್ಲಿ ಬಿಸಿಲಿಗೆ ಬೆವೆತು ದಾರಿಯಲ್ಲೇ ಕೊಳೆಯುತ್ತದೆ. ಬಾಡಲು ಶುರುವಾದ ದಿನ, ಗಂಟೆ, ಕೊನೆಯ ನೀರು, ಕೊನೆಯ ಗೊಬ್ಬರ, ಹೊಡೆದ ಔಷಧಿಯ ಹೆಸರು ಒಂದು ಚೀಟಿಯಲ್ಲಿ ಇರಲಿ. ಕೌಂಟರಿನಲ್ಲಿ ಮೊದಲು ಕೇಳುವುದು ಇದನ್ನೇ.